ಕ್ಯಾಮ್, ಪೆಟ್ಟರ್, ಟ್ಯಾಂಕ್, ಜಾನ್ಸನ್: ಗೋವಾಕ್ಕೆ ಬಂದವರಿಗೆ ಯುದ್ಧವಿಮಾನಗಳ ಒಂದು ಹೋಲಿಕೆ

ಡಿಸೆಂಬರ್ ರಜೆ ಬಂತೆಂದರೆ ವಾಸ್ಕೊ, ಬೈನಾ, ಝುವಾರಿನಗರದ ಕನ್ನಡದ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಹುಬ್ಬಳ್ಳಿಯವರು ರೈಲು ಹಿಡಿದು ಬರುತ್ತಾರೆ, ಬೆಳಗಾವಿಯವರು ಘಾಟಿ ಇಳಿದು ಬರುತ್ತಾರೆ. ಮೊದಲು ಬೀಚು, ಆಮೇಲೆ ಮಂಗೇಶಿ. ಕೊನೆಗೆ ಮಕ್ಕಳ ಕಾಟ ತಡೆಯಲಾರದೆ ಬೋಗ್ಮಾಳೊ ದಾರಿಯಲ್ಲಿರುವ ನೌಕಾಪಡೆಯ ವಿಮಾನ ಮ್ಯೂಸಿಯಂ. ಅಲ್ಲಿ ಸಾಲಾಗಿ ನಿಂತ ವಿಮಾನಗಳನ್ನು ನೋಡಿದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಇದ್ರಾಗ ಯಾವ್ದು ಭಾರಿ?"

ಪ್ರಶ್ನೆ ಚೆನ್ನಾಗಿದೆ. ಉತ್ತರ ಕೊಡುವುದು ಅಷ್ಟು ಸುಲಭ ಅಲ್ಲ. ಶಾಲೆಯ ಪ್ರಾಜೆಕ್ಟ್‌ಗೆ ಒಂದು ವಿಮಾನ ಆರಿಸಬೇಕು ಅನ್ನುವ ಮಕ್ಕಳು, ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಹುಡುಗರು, ಸುಮ್ನೆ ಕಟ್ಟೆಯ ಮೇಲೆ ಕೂತು ವಾದ ಮಾಡುವ ದೊಡ್ಡವರು, ಈ ಮೂವರಿಗೂ ಬೇರೆ ಬೇರೆ ಉತ್ತರ ಬೇಕಾಗುತ್ತದೆ. ಅವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು. ವಿಮಾನದ ಜೊತೆ ಅದನ್ನು ಮಾಡಿದವರನ್ನೂ ತಕ್ಕಡಿಗೆ ಹಾಕಿದ್ದೇನೆ. ಡಿಸೈನರ್ ಯಾರೆಂದು ತಿಳಿಯದೆ ವಿಮಾನ ನೋಡಿದರೆ ಅರ್ಧ ಮಜಾ ಹೋಯಿತು.

ಅಳೆಯುವುದು ಯಾವುದರಿಂದ?

ಮಕ್ಕಳು ಮೊದಲು ಹಿಡಿಯುವುದು ವೇಗವನ್ನು. ಆ ಲೆಕ್ಕ ಹಿಡಿದರೆ ಆಟ ಶುರುವಾಗುವ ಮುಂಚೆಯೇ ಮುಗಿಯುತ್ತದೆ. ಅಮೆರಿಕದ ಎಸ್‌ಆರ್-71 ವಿಮಾನ 1976ರಲ್ಲಿ ಗಂಟೆಗೆ 3,529 ಕಿಲೋಮೀಟರ್ ವೇಗದಲ್ಲಿ ಹಾರಿ ದಾಖಲೆ ಮಾಡಿತು. ಬೋಗ್ಮಾಳೊದಲ್ಲಿ ನಿಂತಿರುವ ಸೀ ಹಾಕ್ ಸಾವಿರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಆದರೆ ಎಸ್‌ಆರ್-71 ಫೋಟೊ ತೆಗೆಯುವ ಬೇಹುಗಾರ. ಅದು ಬಾಂಬು ಹಾಕಿಲ್ಲ, ಹಡಗಿನ ಮೇಲೆ ಇಳಿದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾವುದು ಮೇಲು ಅಂದರೆ ಏನು ಹೇಳುವುದು?

ನಾನು ನೋಡುವುದು ಎಂಜಿನ್. ವಿಮಾನ ಡಿಸೈನ್ ಮಾಡುವವರು ತಮಗೆ ಬೇಕಾದ ಎಂಜಿನ್ನನ್ನು ಸಾಮಾನ್ಯವಾಗಿ ತಾವೇ ಮಾಡಿಕೊಳ್ಳುವುದಿಲ್ಲ. ಬೇರೆ ಕಂಪನಿ ಕೊಟ್ಟದ್ದನ್ನು ಕಟ್ಟಿಕೊಂಡು ಸಂಸಾರ ಮಾಡಬೇಕು. ಒಬ್ಬರಿಗೆ ಒಳ್ಳೆಯದು ಸಿಗುತ್ತದೆ, ಇನ್ನೊಬ್ಬರಿಗೆ ಮಾತು ಕೊಟ್ಟದ್ದು ಬರುವುದೇ ಇಲ್ಲ. ಕೈಗೆ ಸಿಕ್ಕ ಎಂಜಿನ್‌ನಿಂದ ಎಷ್ಟು ಕೆಲಸ ತೆಗೆದರು, ಆ ವಿಮಾನ ಯುದ್ಧದಲ್ಲಿ ಏನು ಮಾಡಿತು, ಎಷ್ಟು ವರ್ಷ ಬಾಳಿತು – ಈ ಮೂರನ್ನು ನೋಡಿದರೆ ಹೋಲಿಕೆಗೆ ಒಂದು ಅರ್ಥ ಬರುತ್ತದೆ.

ಸಿಡ್ನಿ ಕ್ಯಾಮ್: ಸೀ ಹಾಕ್ ಮತ್ತು ಸೀ ಹ್ಯಾರಿಯರ್

ಮ್ಯೂಸಿಯಂನಲ್ಲಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಎರಡೂ ವಿಮಾನ ಬ್ರಿಟನ್ನಿನ ಹಾಕರ್ ಕಂಪನಿಯ ಡ್ರಾಯಿಂಗ್ ಆಫೀಸಿನಿಂದ ಬಂದವು. ಎರಡರ ಹಿಂದೆಯೂ ಇದ್ದ ಹೆಸರು ಸಿಡ್ನಿ ಕ್ಯಾಮ್. ಬಡಗಿಯ ಮಗ, ತಾನೂ ಬಡಗಿ ಕೆಲಸ ಕಲಿತವನು. 1925ರಲ್ಲಿ ಹಾಕರ್‌ನ ಮುಖ್ಯ ಡಿಸೈನರ್ ಆದ. ಸಿಟ್ಟಿನ ಮನುಷ್ಯ, ಕೈಕೆಳಗಿನವರು ಹೆದರಿ ನಡುಗುತ್ತಿದ್ದರಂತೆ. 1935ರಲ್ಲಿ ಹಾರಿದ ಹರಿಕೇನ್, 1951ರಲ್ಲಿ ಹಾರಿದ ಹಂಟರ್, ಎರಡೂ ಇವನದೇ.

ಸೀ ಹಾಕ್ ಹತ್ತಿರ ಹೋಗಿ ಅದರ ಬಾಲ ನೋಡಿ. ಜೆಟ್ ವಿಮಾನ ಅಂದ ಮೇಲೆ ಹಿಂದೆ ಒಂದು ದೊಡ್ಡ ಕೊಳವೆ ಇರಬೇಕಲ್ವಾ? ಇಲ್ಲ. ಬಾಲ ಚೂಪಾಗಿ ಮುಚ್ಚಿಕೊಂಡಿದೆ. ಈಗ ರೆಕ್ಕೆ ಮೈಗೆ ಸೇರುವ ಜಾಗದ ಹಿಂಬದಿ ನೋಡಿ. ಎಡಕ್ಕೊಂದು, ಬಲಕ್ಕೊಂದು ಬಾಯಿ ಕಾಣುತ್ತದೆ. ಒಂದೇ ಎಂಜಿನ್ನಿನ ಬಿಸಿಗಾಳಿಯನ್ನು ಎರಡು ಕವಲು ಮಾಡಿ ಅಲ್ಲೇ ಹೊರಗೆ ಬಿಟ್ಟಿದ್ದಾರೆ. ಉದ್ದ ಕೊಳವೆಯಲ್ಲಿ ಹೋಗುವಾಗ ಎಂಜಿನ್ನಿನ ಶಕ್ತಿ ಸ್ವಲ್ಪ ಸೋರಿಹೋಗುತ್ತದೆ. ಕೊಳವೆ ಗಿಡ್ಡ ಆದಷ್ಟೂ ಆ ನಷ್ಟ ಕಡಿಮೆ. ಜೊತೆಗೆ ಹಿಂದಿನ ಹೊಟ್ಟೆ ಖಾಲಿ ಉಳಿಯುತ್ತದೆ, ಅಲ್ಲಿ ಇಂಧನ ತುಂಬಬಹುದು. ಸಮುದ್ರದ ಮೇಲೆ ಹಾರುವವರಿಗೆ ಇಂಧನಕ್ಕಿಂತ ದೊಡ್ಡ ಆಸ್ತಿ ಯಾವುದು? ಒಳಗಿದ್ದದ್ದು ರೋಲ್ಸ್ ರಾಯ್ಸ್‌ನ ನೀನ್ ಎಂಜಿನ್. ಮೊದಲ ಮಾದರಿ ಹಾರಿದ್ದು 1947ರಲ್ಲಿ.

ಈಗ ಸೀ ಹ್ಯಾರಿಯರ್ ಮುಂದೆ ನಿಲ್ಲಿ. ಎರಡು ಬಾಯಿ ಇಲ್ಲಿ ನಾಲ್ಕಾಗಿವೆ. ಪಕ್ಕೆಯಲ್ಲಿ ಮುಂದೆ ಎರಡು, ಹಿಂದೆ ಎರಡು. ಮುಂದಿನವುಗಳಿಂದ ಫ್ಯಾನಿನ ತಣ್ಣಗಾಳಿ ಬರುತ್ತದೆ, ಹಿಂದಿನವುಗಳಿಂದ ಎಂಜಿನ್ನಿನ ಬಿಸಿಗಾಳಿ. ನಾಲ್ಕೂ ಒಟ್ಟಿಗೆ ತಿರುಗುತ್ತವೆ. ಕಾಕ್‌ಪಿಟ್‌ನಲ್ಲಿ ಥ್ರಾಟಲ್ ಪಕ್ಕದಲ್ಲಿರುವ ಒಂದೇ ಒಂದು ಲಿವರ್ ಎಳೆದರೆ ಗಾಳಿ ಹಿಂದಕ್ಕೆ ಹೋಗುವ ಬದಲು ನೆಲಕ್ಕೆ ಹೊಡೆಯುತ್ತದೆ, ವಿಮಾನ ನಿಂತಲ್ಲೇ ಏಳುತ್ತದೆ. ನಿಂತಲ್ಲೇ ತೇಲುವಾಗ ರೆಕ್ಕೆಯ ಪಟ್ಟಿಗಳು ಉಪಯೋಗಕ್ಕೆ ಬರುವುದಿಲ್ಲ, ಯಾಕಂದರೆ ಅವುಗಳ ಮೇಲೆ ಗಾಳಿಯೇ ಹರಿಯುತ್ತಿರುವುದಿಲ್ಲ. ಅದಕ್ಕೇ ಮೂಗಿನಲ್ಲಿ, ಬಾಲದಲ್ಲಿ, ರೆಕ್ಕೆಯ ತುದಿಗಳಲ್ಲಿ ಸಣ್ಣ ತೂತುಗಳಿವೆ. ಎಂಜಿನ್‌ನಿಂದ ಕದ್ದ ಗಾಳಿಯನ್ನು ಅಲ್ಲಿಂದ ಊದಿ ಸಮತೋಲ ಇಟ್ಟುಕೊಳ್ಳುತ್ತದೆ. ಹುಡುಕಿದರೆ ಕಣ್ಣಿಗೆ ಬೀಳುತ್ತವೆ. ಮಕ್ಕಳಿಗೆ ಹುಡುಕಲು ಬಿಡಿ.

ಹ್ಯಾರಿಯರ್‌ನ ಮೊದಲ ರೂಪ ಪಿ.1127. ಅದರ ನಕ್ಷೆ ಹಾಕಿದವನು ಕ್ಯಾಮ್ ಕೈಕೆಳಗಿನ ರಾಲ್ಫ್ ಹೂಪರ್. ಹಿಂದಿನ ಬಿಸಿಗಾಳಿಯನ್ನು ಎರಡು ಕವಲು ಮಾಡುವ ಉಪಾಯಕ್ಕೆ ಅವನ ಮುಂದೆ ಸೀ ಹಾಕ್ ಇತ್ತು. ಅಂದರೆ ಈ ಎರಡು ವಿಮಾನಗಳ ನಡುವೆ ಇರುವುದು ಬರೀ ಕಂಪನಿಯ ಸಂಬಂಧವಲ್ಲ, ಕರುಳಿನ ಸಂಬಂಧ. ಇಂಗ್ಲೆಂಡಿನ ಮ್ಯೂಸಿಯಂಗಳಲ್ಲೂ ಇದನ್ನು ನೋಡಬಹುದು. ಆದರೆ ನಮ್ಮ ನೌಕಾಪಡೆಯ 300ನೇ ಸ್ಕ್ವಾಡ್ರನ್, 'ವೈಟ್ ಟೈಗರ್ಸ್', ಎರಡನ್ನೂ ಹಾರಿಸಿದೆ. ಮೊದಲು ಸೀ ಹಾಕ್, ಆಮೇಲೆ ಸೀ ಹ್ಯಾರಿಯರ್. ಆ ಸ್ಕ್ವಾಡ್ರನ್‌ನ ನೆಲೆ ಇದೇ ದಾಬೋಳಿಯ ಐಎನ್‌ಎಸ್ ಹಂಸ.

1957ರಲ್ಲಿ ಬ್ರಿಟಿಷ್ ಸರ್ಕಾರ, ಮನುಷ್ಯ ಕೂತು ಹಾರಿಸುವ ಫೈಟರ್‌ಗಳ ಕಾಲ ಮುಗಿಯುತ್ತಿದೆ, ಇನ್ನೇನಿದ್ದರೂ ಕ್ಷಿಪಣಿ ಎಂದು ಕೂತಿತ್ತು. ಹ್ಯಾರಿಯರ್‌ನ ಕೆಲಸ ಹುಟ್ಟಿದ್ದು ಅದೇ ಹೊತ್ತಿಗೆ, ಸರ್ಕಾರದ ಆರ್ಡರ್ ಇಲ್ಲದೆ. 1960ರ ಅಕ್ಟೋಬರ್‌ನಲ್ಲಿ ಹಗ್ಗ ಕಟ್ಟಿಕೊಂಡು ಮೊದಲ ಸಲ ನೆಲ ಬಿಟ್ಟಿತು. ಕ್ಯಾಮ್ 1966ರಲ್ಲಿ ತೀರಿಕೊಂಡ. ಹ್ಯಾರಿಯರ್ ಸೇವೆಗೆ ಸೇರಿದ್ದು 1969ರಲ್ಲಿ.

ಯುದ್ಧದ ಲೆಕ್ಕ ನೋಡೋಣ. ಸೀ ಹಾಕ್ 1971ರ ಹೊತ್ತಿಗೆ ಹಳೆಯದಾಗಿತ್ತು. ಅವು ಹಾರುತ್ತಿದ್ದ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಬಾಯ್ಲರ್ ಕೆಟ್ಟಿತ್ತು, ಹಡಗಿನ ವೇಗ ಕಮ್ಮಿಯಾಗಿತ್ತು. ಹಾಗಾಗಿ ಅದನ್ನು ಅರಬ್ಬೀ ಸಮುದ್ರಕ್ಕೆ ಬಿಡದೆ ಬಂಗಾಳ ಕೊಲ್ಲಿಗೆ ಕಳಿಸಿದರು. ಡಿಸೆಂಬರ್ 4ರಂದು ಸೀ ಹಾಕ್‌ಗಳು ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಕಾಕ್ಸ್ ಬಜಾರ್ ಮೇಲೆ ಬಿದ್ದವು, ಆಮೇಲೆ ಚಿತ್ತಗಾಂಗ್. ಒಂದೂ ವಿಮಾನ ಕಳೆದುಕೊಳ್ಳದೆ ಬಂದರುಗಳನ್ನು ಕಟ್ಟಿಹಾಕಿದವು. ಇದರಲ್ಲಿ ವಿಮಾನದ ಪಾಲೆಷ್ಟು, ಜಾಗ ಆರಿಸಿದವರ ಪಾಲೆಷ್ಟು? ಪಶ್ಚಿಮದಲ್ಲಿ ಪಾಕಿಸ್ತಾನದ ಸೂಪರ್‌ಸಾನಿಕ್ ಫೈಟರ್‌ಗಳ ಎದುರು ಇದೇ ಸೀ ಹಾಕ್ ಇಳಿದಿದ್ದರೆ ಕಥೆ ಬೇರೆ ಆಗುತ್ತಿತ್ತು ಎಂದೇ ನನಗನಿಸುತ್ತದೆ.

ಸೀ ಹ್ಯಾರಿಯರ್‌ನ ದೊಡ್ಡ ಪರೀಕ್ಷೆ ನಡೆದದ್ದು 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ. ಬ್ರಿಟನ್ನಿನ ಸೀ ಹ್ಯಾರಿಯರ್‌ಗಳು ಅರ್ಜೆಂಟೀನಾದ 20 ವಿಮಾನಗಳನ್ನು ಗಾಳಿಯಲ್ಲಿ ಕೆಡವಿದವು. ಗಾಳಿಯ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಬಿದ್ದ ಕೆಲವು ನೆಲದ ಗುಂಡಿಗೆ, ಅಪಘಾತಕ್ಕೆ ಬಿದ್ದವು. ಮರುವರ್ಷ ಡಿಸೆಂಬರ್‌ನಲ್ಲಿ ನಮ್ಮ ಮೊದಲ ಸೀ ಹ್ಯಾರಿಯರ್‌ಗಳು ಗೋವಾಕ್ಕೆ ಬಂದಿಳಿದವು. 2016ರ ಮೇ 11ರಂದು ಇಲ್ಲೇ ನಿವೃತ್ತಿಯಾದವು.

ಹೊಗಳಿಕೆ ಇಷ್ಟೇ ಸಾಲದು, ತೆಗಳಿಕೆಯೂ ಇರಲಿ. ಹ್ಯಾರಿಯರ್ ಹಾರಿಸುವುದು ಬಲು ಕಷ್ಟ. ನಾವು ಕೊಂಡವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಪಘಾತಗಳಲ್ಲೇ ಹೋದವು, ಪೈಲಟ್‌ಗಳೂ ಸತ್ತರು. ಇನ್ನೊಂದು ವಿಷಯ. ನಿಂತಲ್ಲಿಂದ ನೇರ ಮೇಲೇಳುವ ಚಂದ ನೋಡಲಿಕ್ಕೆ ಸರಿ, ಯುದ್ಧಕ್ಕೆ ಹೋಗುವಾಗ ಅದು ನಡೆಯುವುದಿಲ್ಲ. ಪೂರ್ತಿ ಹೊರೆ ಹೇರಿದ ಸೀ ಹ್ಯಾರಿಯರ್ ತೂಕ ಸುಮಾರು 12 ಟನ್. ಅದರ ಪೆಗಾಸಸ್ ಎಂಜಿನ್ ನೂಕುವುದು 10 ಟನ್‌ಗಿಂತ ಸ್ವಲ್ಪ ಕಡಿಮೆ. ಅದಕ್ಕೇ ಹಡಗಿನ ಮೂತಿಯನ್ನು ಮೇಲಕ್ಕೆ ಬಗ್ಗಿಸಿ ಸ್ಕೀ-ಜಂಪ್ ಮಾಡಿದರು. ಓಡಿ ಬಂದು, ಜಿಗಿದು, ಹಾರುವುದು. ಇಳಿಯುವಾಗ ಇಂಧನ, ಬಾಂಬು ಖರ್ಚಾಗಿ ಹಗುರವಾಗಿರುತ್ತದೆ. ಆಗ ನೇರ ಇಳಿಯುವುದು.

ಪೆಟ್ಟರ್ ಮತ್ತು ಟ್ಯಾಂಕ್: ಒಂದೇ ಎಂಜಿನ್, ಎರಡು ದಾರಿ

ಇವರಿಬ್ಬರ ಹೋಲಿಕೆ ಬೆಂಗಳೂರಿನಲ್ಲಿ ನಡೆದದ್ದು. ನನ್ನ ಪ್ರಕಾರ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇನ್ನೊಂದಿಲ್ಲ. ಎಂಜಿನ್ ಒಂದೇ: ಬ್ರಿಸ್ಟಲ್ ಕಂಪನಿಯ ಆರ್ಫಿಯಸ್. ಕಾರ್ಖಾನೆ ಒಂದೇ: ಎಚ್‌ಎಎಲ್. ಹಾರಿಸಿದ ವಾಯುಪಡೆ ಒಂದೇ. ಯುದ್ಧವೂ ಒಂದೇ, 1971ರದು.

ಟೆಡ್ಡಿ ಪೆಟ್ಟರ್ ಬ್ರಿಟಿಷ್ ಡಿಸೈನರ್. ಫೈಟರ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿವೆ, ದುಬಾರಿ ಆಗುತ್ತಿವೆ ಎಂಬುದು ಅವನ ತಕರಾರು. ಅದಕ್ಕೆ ಅವನ ಉತ್ತರ ನ್ಯಾಟ್. ಉದ್ದ 9 ಮೀಟರಿಗೂ ಕಡಿಮೆ, ರೆಕ್ಕೆ 7 ಮೀಟರಿಗೂ ಕಡಿಮೆ. ಒಂದು ಆರ್ಫಿಯಸ್, ಅದರ ಸುತ್ತ ಎಷ್ಟು ಬೇಕೋ ಅಷ್ಟೇ ವಿಮಾನ. 1955ರಲ್ಲಿ ಹಾರಿತು. ಬ್ರಿಟಿಷ್ ವಾಯುಪಡೆ ಅದನ್ನು ಫೈಟರ್ ಆಗಿ ತೆಗೆದುಕೊಳ್ಳಲೇ ಇಲ್ಲ, ತರಬೇತಿಗೆ ಮಾತ್ರ ಇಟ್ಟುಕೊಂಡಿತು. ಫೈಟರ್ ಆಗಿ ಅದಕ್ಕೆ ನಿಜವಾದ ಬಾಳು ಕೊಟ್ಟದ್ದು ಭಾರತ. 1965ರಲ್ಲಿ ಪಾಕಿಸ್ತಾನದ ಸೇಬರ್ ಜೆಟ್ ಫೈಟರ್‌ಗಳನ್ನು ಎದುರಿಸಿತು. 1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾ ಮೇಲೆ ನ್ಯಾಟ್‌ಗಳು ಸೇಬರ್‌ಗಳನ್ನು ಕೆಡವಿದವು. ವಾಯುಪಡೆಗೆ ಸಿಕ್ಕ ಒಂದೇ ಒಂದು ಪರಮವೀರ ಚಕ್ರ ನಿರ್ಮಲಜಿತ್ ಸಿಂಗ್ ಸೆಖೋಂ ಅವರದು. ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಅವರು ಹಾರಿಸುತ್ತಿದ್ದದ್ದು ನ್ಯಾಟ್. ಇಷ್ಟು ಚಿಕ್ಕದು ಎದುರಾಳಿಯ ಕಣ್ಣಿಗೆ ಬೀಳುವುದೇ ತಡ. ಅದೇ ಅದರ ದೊಡ್ಡ ಬಲ.

ಕುರ್ಟ್ ಟ್ಯಾಂಕ್ ಜರ್ಮನ್. ಎರಡನೇ ಮಹಾಯುದ್ಧದ ಫಾಕೆ-ವುಲ್ಫ್ 190 ಅವನದು. ತನ್ನ ವಿಮಾನಗಳನ್ನು ತಾನೇ ಹಾರಿಸಿ ನೋಡುತ್ತಿದ್ದ ಆಸಾಮಿ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋದ, ಅಲ್ಲಿಂದ 1956ರಲ್ಲಿ ತನ್ನ ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬಂದ. ಇಲ್ಲಿಯ ಎಂಜಿನಿಯರ್‌ಗಳ ಜೊತೆ ಸೇರಿ ಎಚ್‌ಎಫ್-24 ಮಾರುತ್ ಮಾಡಿದ. ಮೊದಲು 1959ರಲ್ಲಿ ಅಷ್ಟೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದರು. ನಿಜವಾದ ಮಾರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ನೆಲ ಬಿಟ್ಟಿತು. 16 ಮೀಟರ್ ಹತ್ತಿರ ಉದ್ದ, ಎರಡು ಆರ್ಫಿಯಸ್. ನೋಡಲಿಕ್ಕೆ ನ್ಯಾಟ್‌ಗಿಂತ ಹತ್ತು ಪಟ್ಟು ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಟ್ಯಾಂಕ್ ನಕ್ಷೆ ಹಾಕಿದ್ದು ಈ ಆರ್ಫಿಯಸ್‌ಗಲ್ಲ. ಇದಕ್ಕಿಂತ ಬಹಳ ಶಕ್ತಿಯ ಆರ್ಫಿಯಸ್ 12 ಬರುತ್ತದೆ ಎಂದು ನಂಬಿ ಹಾಕಿದ್ದು. ಶಬ್ದದ ಎರಡು ಪಟ್ಟು ವೇಗ ಗುರಿಯಾಗಿತ್ತು. ಬ್ರಿಟನ್ ಆ ಎಂಜಿನ್ ಮುಂದುವರಿಸಲಿಲ್ಲ. ಮುಂದುವರಿಸುವ ಖರ್ಚು ಕೊಡಲು ನಮ್ಮ ಸರ್ಕಾರ ಒಪ್ಪಲಿಲ್ಲ. ಆಮೇಲೆ ಈಜಿಪ್ಟ್ ಮಾಡುತ್ತಿದ್ದ ಎಂಜಿನ್ನನ್ನೂ ಒಂದು ಮಾರುತ್‌ಗೆ ಹಾಕಿ ಅಲ್ಲೇ ಹಾರಿಸಿ ನೋಡಿದರು, ಅದೂ ಕೈಗೂಡಲಿಲ್ಲ. ಕೊನೆಗೆ ಹಳೆಯ ಆರ್ಫಿಯಸ್‌ನಲ್ಲೇ ಮಾರುತ್ ತನ್ನ ಇಡೀ ಆಯುಸ್ಸು ಕಳೆಯಿತು. ಶಬ್ದದ ವೇಗದ ಹತ್ತಿರ ಬಂದು ಏದುಸಿರು ಬಿಡುತ್ತಿತ್ತು. ಒಟ್ಟು 147 ಕಟ್ಟಿದರು.

ಹಾಗಾದರೆ ಮಾರುತ್ ಸೋತಿತೆ? 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ಪಾಕಿಸ್ತಾನದ ನೆಲಸೇನೆಯ ಮೇಲೆ ಬಿದ್ದವು. ಗಾಳಿಯ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಒಂದು ಸೇಬರನ್ನೂ ಕೆಡವಿತು. ಗುಂಡು ತಿಂದು ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆಗೆ ಬಂದ ಪ್ರಸಂಗಗಳಿವೆ. ಒಂದೇ ಎಂಜಿನ್ನಿನ ನ್ಯಾಟ್‌ಗೆ ಆ ಭಾಗ್ಯ ಇರಲಿಲ್ಲ.

ನನ್ನ ತೀರ್ಪು ಹೀಗಿದೆ. ಲೆಕ್ಕಾಚಾರದಲ್ಲಿ ಪೆಟ್ಟರ್ ಗೆದ್ದ. ಸಿಕ್ಕ ಎಂಜಿನ್ನಿಗೆ ತಕ್ಕ ವಿಮಾನ ಮಾಡಿದ. ಟ್ಯಾಂಕ್ ಸಿಗಬೇಕಾದ ಎಂಜಿನ್ನಿಗೆ ತಕ್ಕ ವಿಮಾನ ಮಾಡಿದ, ಅದು ಸಿಗಲಿಲ್ಲ. ಆದರೆ ಒಂದು ದೇಶಕ್ಕೆ ಜೆಟ್ ಫೈಟರ್ ಡಿಸೈನ್ ಮಾಡುವುದನ್ನು ಕಲಿಸಿದ್ದು ಟ್ಯಾಂಕ್. ನ್ಯಾಟ್ ಕಟ್ಟಿದಾಗ ನಾವು ಬೇರೆಯವರ ನಕ್ಷೆ ನೋಡಿ ಕಟ್ಟಿದ್ದು. ಮಾರುತ್ ವಿಷಯದಲ್ಲಿ ನಕ್ಷೆಯ ಮೇಜಿನಲ್ಲೇ ನಮ್ಮವರು ಕೂತಿದ್ದರು. ಆ ಕಲಿಕೆಯನ್ನು ಅಲ್ಲಿಗೇ ಬಿಟ್ಟು, ತೇಜಸ್ ಹಾರುವ ತನಕ, ಅಂದರೆ 2001ರ ಜನವರಿ 4ರ ತನಕ, ನಮ್ಮದೇ ಇನ್ನೊಂದು ಫೈಟರ್ ಇಲ್ಲದೆ ಕೂತದ್ದು ಟ್ಯಾಂಕ್ ತಪ್ಪಲ್ಲ.

ಅಂದ ಹಾಗೆ ಮ್ಯೂಸಿಯಂನಲ್ಲಿ ಎಚ್‌ಟಿ-2 ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನ ಇದೆ. ಜನ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಟ್ಯಾಂಕ್ ಬರುವ ಮುಂಚೆ, 1951ರಲ್ಲೇ, ಎಚ್‌ಎಎಲ್‌ನ ವಿ.ಎಂ. ಘಾಟಗೆ ಅವರ ತಂಡ ಡಿಸೈನ್ ಮಾಡಿ ಹಾರಿಸಿದ್ದು ಅದು. ಘಾಟಗೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಗಾಳಿಯ ಹರಿವಿನ ಶಾಸ್ತ್ರದ ದೊಡ್ಡ ವಿಜ್ಞಾನಿ ಪ್ರಾಂಡ್ಟ್ಲ್ ಕೈಕೆಳಗೆ ಓದಿ ಬಂದವರು. ನಮ್ಮ ಎಷ್ಟೋ ಪೈಲಟ್‌ಗಳು ಹಾರುವುದನ್ನು ಕಲಿತದ್ದು ಎಚ್‌ಟಿ-2ರಲ್ಲಿ. ಒಂದು ನಿಮಿಷ ನಿಲ್ಲಿ.

ಗೋವಾದ ಮೇಲೆ ಹಾರಿದವು

ಪೆಟ್ಟರ್ ಮತ್ತು ಕ್ಯಾಮ್ ಇಬ್ಬರ ಹೆಸರೂ ಗೋವಾದ ಇತಿಹಾಸದಲ್ಲಿ ಒಂದೇ ದಿನ ಸೇರಿಕೊಂಡಿದೆ. ಪೋರ್ಚುಗೀಸರಿಂದ ಗೋವಾ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲಿ, 1961ರ ಡಿಸೆಂಬರ್ 18ರ ಬೆಳಿಗ್ಗೆ, ನಮ್ಮ ವಾಯುಪಡೆಯ 12 ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಳಿ ರನ್‌ವೇ ಮೇಲೆ ಸುಮಾರು 28 ಟನ್ ಬಾಂಬು ಸುರಿದವು. ಕ್ಯಾನ್‌ಬೆರಾ ಪೆಟ್ಟರ್‌ನದು, ನ್ಯಾಟ್‌ಗಿಂತ ಮುಂಚಿನದು. ಅದೇ ಹೊತ್ತಿಗೆ ಆರು ಹಂಟರ್‌ಗಳು ಬಾಂಬೋಳಿಯ ರೇಡಿಯೊ ಕೇಂದ್ರವನ್ನು ಹೊಡೆದವು. ಹಂಟರ್ ಕ್ಯಾಮ್‌ನದು. ಅವು ಹಾರಿ ಬಂದದ್ದು ಬೆಳಗಾವಿಯ ಸಾಂಬ್ರಾದಿಂದ. ಬೆಳಗಾವಿಯ ನೆಂಟರು ಬಂದಾಗ ಇದನ್ನು ಹೇಳಿದರೆ ಅವರ ಮುಖ ಅರಳುತ್ತದೆ.

ಟರ್ಮಿನಲ್ ಕಟ್ಟಡ ಮುಟ್ಟಬೇಡಿ ಎಂದು ಪೈಲಟ್‌ಗಳಿಗೆ ಅಪ್ಪಣೆಯಾಗಿತ್ತು. ಅಲ್ಲೇ ನಿಂತಿದ್ದ ಎರಡು ಪೋರ್ಚುಗೀಸ್ ವಿಮಾನಗಳೂ ಹಾಗೇ ಉಳಿದವು. ಆ ರಾತ್ರಿ ಗುಂಡಿ ಬಿದ್ದ ರನ್‌ವೇಯ ಉಳಿದ ತುಂಡಿನಿಂದಲೇ ಅವೆರಡೂ ತಪ್ಪಿಸಿಕೊಂಡು ಹಾರಿದವು. ಅದರಲ್ಲೊಂದು ಸೂಪರ್ ಕಾನ್‌ಸ್ಟಲೇಷನ್. ಅದರ ವಿಷಯ ಮುಂದೆ ಬರುತ್ತದೆ.

ಬಾಳಿಕೆಯ ಲೆಕ್ಕದಲ್ಲಿ ಕ್ಯಾನ್‌ಬೆರಾವನ್ನು ಹಿಡಿಯುವವರು ಕಡಿಮೆ. 1949ರ ಮೇ 13ರಂದು ಮೊದಲು ಹಾರಿತು. ನಮ್ಮ ವಾಯುಪಡೆಯಿಂದ ನಿವೃತ್ತಿಯಾದದ್ದು 2007ರಲ್ಲಿ. ಅಮೆರಿಕದವರು ಅದನ್ನು ಬಿ-57 ಎಂದು ತಮ್ಮಲ್ಲೇ ಕಟ್ಟಿಕೊಂಡರು, ಆಮೇಲೆ ಪಾಕಿಸ್ತಾನಕ್ಕೂ ಕೊಟ್ಟರು. ಹೀಗಾಗಿ 1965ರಲ್ಲಿ ಗಡಿಯ ಎರಡೂ ಕಡೆಯಿಂದ ಪೆಟ್ಟರ್‌ನ ವಿಮಾನಗಳೇ ರಾತ್ರಿ ಬಾಂಬು ಹಾಕಿದವು. ಇಷ್ಟೆಲ್ಲ ಮಾಡಿದ ಪೆಟ್ಟರ್ 1960ರ ಹೊತ್ತಿಗೆ ವಿಮಾನದ ಸಹವಾಸವೇ ಬೇಡವೆಂದು ಬಿಟ್ಟು, ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಒಂದು ಧಾರ್ಮಿಕ ಗುಂಪು ಸೇರಿಕೊಂಡ.

ಕೆಲ್ಲಿ ಜಾನ್ಸನ್: ವೇಗ ಬೇಕೆನ್ನುವವರಿಗೆ

ಮ್ಯೂಸಿಯಂನ ಹೊರಗೆ ನಿಂತಿರುವ ದೊಡ್ಡ ವಿಮಾನ ಸೂಪರ್ ಕಾನ್‌ಸ್ಟಲೇಷನ್. ಮೈ ಮೀನಿನ ಹಾಗೆ ಬಾಗಿದೆ, ಬಾಲದಲ್ಲಿ ಮೂರು ರೆಕ್ಕೆ ನೆಟ್ಟಗೆ ನಿಂತಿವೆ. ಒಂದೇ ದೊಡ್ಡ ಬಾಲ ಇಟ್ಟರೆ ಆಗಿನ ಹ್ಯಾಂಗರ್‌ಗಳ ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ, ಅದಕ್ಕೇ ಮೂರು ಗಿಡ್ಡ ಬಾಲ. ಏರ್ ಇಂಡಿಯಾದಿಂದ ವಾಯುಪಡೆಗೆ, ಅಲ್ಲಿಂದ 1976ರಲ್ಲಿ ನೌಕಾಪಡೆಗೆ ಬಂದು ಗೋವಾದಿಂದ ಸಮುದ್ರ ಕಾಯುವ ಕೆಲಸ ಮಾಡಿದ ತಳಿ ಇದು. ಲಾಕ್‌ಹೀಡ್ ಕಂಪನಿಯಲ್ಲಿ ಇದನ್ನು ರೂಪಿಸಿದವರಲ್ಲಿ ಕೆಲ್ಲಿ ಜಾನ್ಸನ್ ಒಬ್ಬ.

ಜಾನ್ಸನ್ ಅಂದರೆ ಪಿ-38, ಎಫ್-104, ಯು-2, ಎಸ್‌ಆರ್-71. ಒಬ್ಬ ಮನುಷ್ಯನ ಹೆಸರಿನಲ್ಲಿ ಇಷ್ಟು ಬಗೆಯ ವಿಮಾನ ಇರುವುದು ಅಪರೂಪ. ಎತ್ತರಕ್ಕೆ ಒಂದು, ವೇಗಕ್ಕೆ ಒಂದು, ಜನ ಹೊರಲು ಒಂದು. ಎಸ್‌ಆರ್-71ರ ಮೈ ಬಹುಪಾಲು ಟೈಟಾನಿಯಂ. ಆ ವೇಗದ ಕಾವಿಗೆ ಅಲ್ಯೂಮಿನಿಯಂ ತಡೆಯುವುದಿಲ್ಲ. ಬೇಹುಗಾರಿಕೆ ಮಾಡಬೇಕಾದದ್ದು ಸೋವಿಯತ್ ಒಕ್ಕೂಟದ ಮೇಲೆ, ಲೋಹ ಬಂದದ್ದೂ ಬಹಳಷ್ಟು ಅಲ್ಲಿಂದಲೇ.

ಮ್ಯೂಸಿಯಂನಲ್ಲಿ ಅಲಿಜೆ ಎಂಬ ಫ್ರೆಂಚ್ ವಿಮಾನವನ್ನೂ ಹುಡುಕಿ. ಜಲಾಂತರ್ಗಾಮಿ ಬೇಟೆಯಾಡುವ ನಿಧಾನದ ಪ್ರೊಪೆಲ್ಲರ್ ವಿಮಾನ. 1971ರ ಡಿಸೆಂಬರ್ 10ರಂದು ಪಶ್ಚಿಮ ಸಮುದ್ರದ ಮೇಲೆ ನಮ್ಮ ಒಂದು ಅಲಿಜೆಯನ್ನು ಪಾಕಿಸ್ತಾನದ ಎಫ್-104 ಕೆಡವಿತು. ಮೂವರು ನೌಕಾಪಡೆಯವರು ಹೋದರು. ಸೀ ಹಾಕ್‌ಗಳನ್ನು ಪೂರ್ವಕ್ಕೆ ಕಳಿಸಿದ್ದು ಯಾಕೆ ಸರಿ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮತ್ತೆ ಇದೇ ಎಫ್-104ಗಳನ್ನು ಅದೇ ಯುದ್ಧದಲ್ಲಿ ನಮ್ಮ ಮಿಗ್-21ಗಳು ಕೆಡವಿದವು. ಜಾನ್ಸನ್ ಮಾಡಿದ್ದೆಲ್ಲ ಅಜೇಯ ಅಂತೇನಿಲ್ಲ. ಎಫ್-104 ನೇರ ಓಡುವುದರಲ್ಲಿ ಹುಲಿ, ಆದರೆ ಆ ಗಿಡ್ಡ ರೆಕ್ಕೆ ಕಟ್ಟಿಕೊಂಡು ತಿರುಗಲಿಕ್ಕೆ ಒದ್ದಾಡುತ್ತಿತ್ತು.

ಉಳಿದವರು

ಸ್ಪಿಟ್‌ಫೈರ್ ಮಾಡಿದ ಆರ್.ಜೆ. ಮಿಚೆಲ್ ಬಗ್ಗೆ ಹೇಳದಿದ್ದರೆ ಕೆಲವರು ಜಗಳಕ್ಕೆ ಬರುತ್ತಾರೆ. 1936ರಲ್ಲಿ ಹಾರಿತು, ಮರುವರ್ಷ 42ನೇ ವಯಸ್ಸಿಗೆ ಮಿಚೆಲ್ ತೀರಿಕೊಂಡ, ವಿಮಾನ 20,000ಕ್ಕೂ ಮೇಲೆ ತಯಾರಾಯಿತು. ಚೆಲುವು ಅದರದ್ದೇ. ಆದರೆ 1940ರ ಬ್ರಿಟನ್ ಕದನದಲ್ಲಿ ಜಾಸ್ತಿ ಶತ್ರುವಿಮಾನ ಕೆಡವಿದ್ದು ಕ್ಯಾಮ್‌ನ ಹರಿಕೇನ್. ಅರ್ಧ ಮೈಗೆ ಬಟ್ಟೆ ಹೊದಿಸಿದ್ದ ವಿಮಾನ, ಗುಂಡು ಬಿದ್ದರೆ ತೇಪೆ ಹಾಕಿ ಮತ್ತೆ ಕಳಿಸುತ್ತಿದ್ದರು. ನಮ್ಮ ವಾಯುಪಡೆಯೂ ಬರ್ಮಾದಲ್ಲಿ ಹಾರಿಸಿತು.

ಮಿಕೊಯಾನ್, ಗುರೆವಿಚ್ ಜೋಡಿಯ ಮಿಗ್-21, ಶಬ್ದಕ್ಕಿಂತ ವೇಗವಾಗಿ ಹಾರುವ ಫೈಟರ್‌ಗಳಲ್ಲೆಲ್ಲ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದದ್ದು. ನಮ್ಮಲ್ಲಿ 1963ರಿಂದ 2025ರ ತನಕ ಇತ್ತು. ಪುಣೆಯ ಲೋಹೆಗಾಂವ್‌ನಲ್ಲಿರುವ ಸುಖೋಯ್-30ರ ಮೂಲ ಕಂಪನಿಯ ಪಾವೆಲ್ ಸುಖೋಯ್ 1975ರಲ್ಲೇ ತೀರಿಕೊಂಡಿದ್ದ. ಆ ತಳಿಯ ಮೊದಲ ವಿಮಾನ ಹಾರಿದ್ದು 1977ರಲ್ಲಿ. ಇಲ್ಲಿಂದ ಮುಂದಕ್ಕೆ ವಿಮಾನಕ್ಕೆ ಒಬ್ಬ ಡಿಸೈನರ್ ಹೆಸರು ಅಂಟಿಸುವುದೇ ಕಷ್ಟ. ಸಾವಿರಾರು ಜನ, ಕಂಪ್ಯೂಟರ್, ಹತ್ತಾರು ವರ್ಷ.

ಈಗ ನನ್ನ ಮೆಚ್ಚಿನವರ ವಿಷಯ. ಅವರು ವಿಮಾನವನ್ನೇ ಮಾಡಿದವರಲ್ಲ. ಸ್ಟ್ಯಾನ್ಲಿ ಹೂಕರ್, ಗಣಿತ ಓದಿದ ಇಂಗ್ಲಿಷ್ ಮನುಷ್ಯ. 1942ರಲ್ಲಿ ಟ್ಯಾಂಕ್‌ನ ಫಾಕೆ-ವುಲ್ಫ್ 190 ಮುಂದೆ ಸ್ಪಿಟ್‌ಫೈರ್‌ಗಳು ಒದ್ದಾಡುತ್ತಿದ್ದಾಗ, ಹೂಕರ್ ಸುಧಾರಿಸಿದ ಎರಡು ಹಂತದ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇದ್ದ ಮರ್ಲಿನ್ ಎಂಜಿನ್ ಹಾಕಿದ ಮೇಲೆ ತಕ್ಕಡಿ ಸಮ ಆಯಿತು. ಆಮೇಲೆ ಸೀ ಹಾಕ್‌ನ ನೀನ್ ಎಂಜಿನ್ ಅವರ ತಂಡದ್ದು. ಬ್ರಿಟಿಷ್ ಸರ್ಕಾರ ಅದನ್ನು ಸೋವಿಯತ್ತಿಗೂ ಮಾರಿತು, ಅವರು ಅದನ್ನೇ ನಕಲು ಮಾಡಿ ಮಿಗ್-15ಕ್ಕೆ ಹಾಕಿಕೊಂಡರು. ಬ್ರಿಸ್ಟಲ್‌ಗೆ ಹೋದ ಮೇಲೆ ಆರ್ಫಿಯಸ್, ಅದೇ ಆರ್ಫಿಯಸ್‌ನ ಒಡಲಿನಿಂದ ಶುರುವಾದ ಪೆಗಾಸಸ್. ಯುದ್ಧಕಾಲದಲ್ಲಿ ಟ್ಯಾಂಕ್‌ನ ವಿಮಾನವನ್ನು ಹಿಮ್ಮೆಟ್ಟಿಸಿದ ಮನುಷ್ಯನ ಎಂಜಿನ್ನನ್ನೇ ಟ್ಯಾಂಕ್ ಬೆಂಗಳೂರಿನಲ್ಲಿ ಮಾರುತ್‌ಗೆ ಹಾಕಬೇಕಾಯಿತು. ಸೀ ಹಾಕ್, ನ್ಯಾಟ್, ಮಾರುತ್, ಸೀ ಹ್ಯಾರಿಯರ್, ನಾಲ್ಕರ ಹೊಟ್ಟೆಯಲ್ಲೂ ಇವರೇ ಇದ್ದಾರೆ. ಯಾರಾದರೂ ಒಂದೇ ಹೆಸರು ಹೇಳು ಅಂದರೆ ನಾನು ಹೇಳುವುದು ಇದನ್ನು.

ನೀವು ಯಾವುದನ್ನು ಆರಿಸಬೇಕು?

ಶಾಲೆಯ ಪ್ರಾಜೆಕ್ಟ್ ಆದರೆ ಕಣ್ಣು ಮುಚ್ಚಿ ಸೀ ಹ್ಯಾರಿಯರ್ ಆರಿಸಿ. ಬೋಗ್ಮಾಳೊದಲ್ಲಿ ಕಣ್ಣಾರೆ ನೋಡಬಹುದು, ನಾಲ್ಕು ಬಾಯಿಗಳ ಚಿತ್ರ ಬರೆದರೆ ಟೀಚರ್‌ಗೂ ಅರ್ಥವಾಗುತ್ತದೆ, ನ್ಯೂಟನ್ನನ ಮೂರನೇ ನಿಯಮವನ್ನೂ ಸೇರಿಸಬಹುದು. ಹತ್ತನೇ ಕ್ಲಾಸಿನವರಿಗೆ, ಸ್ವಲ್ಪ ಓದುವ ಹುರುಪು ಇದ್ದವರಿಗೆ, ನ್ಯಾಟ್ ಮತ್ತು ಮಾರುತ್ ಹೋಲಿಕೆ ಕೊಡಿ. ಒಂದೇ ಎಂಜಿನ್ ಅನ್ನುವ ಎಳೆ ಹಿಡಿದರೆ ಪ್ರಬಂಧ ತಾನಾಗಿಯೇ ಬರೆಸಿಕೊಳ್ಳುತ್ತದೆ.

ಮಾಡೆಲ್ ಕಟ್ಟುವವರಿಗೆ ನ್ಯಾಟ್ ಒಳ್ಳೆಯ ಮೊದಲ ಕಿಟ್. ಭಾಗಗಳು ಕಡಿಮೆ, ಏರ್‌ಫಿಕ್ಸ್‌ನಲ್ಲಿ ಬಂದಿದೆ. ಸೀ ಹ್ಯಾರಿಯರ್‌ನ ರೆಕ್ಕೆಯ ತುದಿಯ ಪುಟ್ಟ ಚಕ್ರಗಳು ಹೊಸಬರ ತಾಳ್ಮೆ ಪರೀಕ್ಷಿಸುತ್ತವೆ, ಅದು ಎರಡನೇದಿರಲಿ.

ಅರ್ಧ ದಿನ ಮಾತ್ರ ಇರುವ ನೆಂಟರಿಗೆ: ಬಿಸಿಲೇರುವ ಮುಂಚೆ ಹೋಗಿ, ಹೊರಗಿನ ವಿಮಾನಗಳನ್ನು ಮೊದಲು ಮುಗಿಸಿ. ಸೀ ಹಾಕ್ ನೋಡಿ, ತಕ್ಷಣ ಸೀ ಹ್ಯಾರಿಯರ್ ನೋಡಿ, ಆಮೇಲೆ ಅಲಿಜೆ, ಕೊನೆಗೆ ಕಾನ್‌ಸ್ಟಲೇಷನ್. ವ್ಯಾಂಪೈರ್‌ಗೆ ಬಂದಾಗ ಅದರ ಮುಂಭಾಗ ಮರದ್ದು ಎಂದು ಮಕ್ಕಳಿಗೆ ಹೇಳಿ, ನಂಬುವುದಿಲ್ಲ. ಪ್ಲೈವುಡ್, ಬಾಲ್ಸಾ ಮರ ಅಂಟಿಸಿ ಮಾಡಿದ ಜೆಟ್ ವಿಮಾನ ಅದು.

ಕಟ್ಟೆಯ ವಾದಕ್ಕೆ ಬೇಕಾದವರು ಇವತ್ತಿನದನ್ನೇ ಎತ್ತಿಕೊಳ್ಳಿ. ಹಂಸದಲ್ಲಿ ಹಡಗಿನ ಡೆಕ್‌ನಂತೆಯೇ ಸ್ಕೀ-ಜಂಪ್ ಇರುವ ಪರೀಕ್ಷಾ ರನ್‌ವೇ ಇದೆ. ತೇಜಸ್‌ನ ನೌಕಾ ಮಾದರಿ 2019ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಮೊದಲು, ಓಡುವ ವಿಮಾನವನ್ನು ಹಿಡಿದು ನಿಲ್ಲಿಸುವ ತಂತಿಗೆ ಸಿಕ್ಕಿ ಇಳಿಯಿತು, 2020ರ ಜನವರಿಯಲ್ಲಿ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮೇಲೆ ಇಳಿಯಿತು. 2022ರಲ್ಲಿ ಫ್ರಾನ್ಸಿನ ರಫೇಲ್, ಅಮೆರಿಕದ ಸೂಪರ್ ಹಾರ್ನೆಟ್ ಎರಡೂ ಅದೇ ಸ್ಕೀ-ಜಂಪ್‌ನಿಂದ ಜಿಗಿದು ತೋರಿಸಿದವು. 2025ರಲ್ಲಿ ಆರ್ಡರ್ ಸಿಕ್ಕಿದ್ದು ರಫೇಲ್‌ಗೆ, 26 ವಿಮಾನ. ತೇಜಸ್‌ನದು ಅಮೆರಿಕದ ಎಂಜಿನ್, ರಫೇಲ್‌ನದು ಫ್ರಾನ್ಸಿನ ಸ್ವಂತದ್ದು. ವಾದ ಅಲ್ಲಿಂದ ಶುರು ಮಾಡಬಹುದು.

ಮಾರುತ್ ನೋಡಲೇಬೇಕು ಅನ್ನುವವರಿಗೆ ಗೋವಾದಲ್ಲಿ ಉಪಯೋಗವಿಲ್ಲ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ, ಇಲ್ಲದಿದ್ದರೆ ಹಳೆ ವಿಮಾನ ನಿಲ್ದಾಣ ರಸ್ತೆ ಹಿಡಿದು ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಎರಡನೇದರಲ್ಲಿ ಎಂಜಿನ್‌ಗಳನ್ನೂ ಬಿಚ್ಚಿ ಇಟ್ಟಿದ್ದಾರೆ, ನನ್ನ ಓಟು ಅದಕ್ಕೆ.